ವಿಹಾರ–ವಿಚಾರ: ಕಡಲ ಸಂಜೆಗೆ ಎಲ್ಲಿ ಕೂಡುವುದು?

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳೇ ಎಂದು ತಿಳಿದಿದ್ದ ಕಾಲ ಹಿಂದಾಯಿತು. ಮಧ್ಯಮ ವರ್ಗದ ಸಂಸಾರಗಳು ವರ್ಷಕ್ಕೊಮ್ಮೆ ಎರಡು ಮೂರು ದಿನ ಬಿಡುವು ಮಾಡಿಕೊಂಡು ಕಡಲ ದಂಡೆಗೆ ಹೋಗಿಬರುವ ರೂಢಿ ಈಗ ಚೆನ್ನಾಗಿಯೇ ಬೆಳೆದಿದೆ. ಹೋಗುವುದು ಯಾವ ಊರಿಗೆಂಬುದು ಬೇಗ ತೀರ್ಮಾನವಾಗುತ್ತದೆ. ಇಳಿದುಕೊಳ್ಳುವುದು ಎಲ್ಲಿಯೆಂಬುದನ್ನು ಹಣದ ಚೀಲವೇ ನಿಶ್ಚಯಿಸುತ್ತದೆ. ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು ಮೂರನೆಯ ಪ್ರಶ್ನೆ ಬಂದಾಗ: ಸೂರ್ಯ ಮುಳುಗುವ ಹೊತ್ತಿಗೆ ಎಲ್ಲಿ ಕೂಡಬೇಕು, ಏನು ಕುಡಿಯಬೇಕು, ರಾತ್ರಿ ಎಲ್ಲಿ ಉಣ್ಣಬೇಕು? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಪ್ರವಾಸದಿಂದ ಮರಳಿದ ಮೇಲೆ ನೆನಪಿನಲ್ಲಿ ಉಳಿಯುವುದೂ, ಮುನಿಸಾಗಿ ಉಳಿಯುವುದೂ ಹೆಚ್ಚಾಗಿ ಆ ಎರಡು ತಾಸಿನ ಸಂಗತಿಯೇ.

ನವಲಗುಂದದ ಪೇಟೆಯೊಳಗಿನ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯಜಮಾನರು ಸರ್ಕಾರಿ ನೌಕರರು. ಊರ ಹೊರಗೆ ಎರಿಭೂಮಿ ಸ್ವಲ್ಪ ಉಂಟು. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ, ಗೃಹಿಣಿ, ಹುಬ್ಬಳ್ಳಿಯ ಕಾಲೇಜಿಗೆ ಹೋಗುವ ಮಗ, ಏಳನೆಯ ಇಯತ್ತೆಯ ಮಗಳು. ಡಿಸೆಂಬರಿನ ಎರಡನೆಯ ಶನಿವಾರಕ್ಕೆ ಶುಕ್ರವಾರದ ಒಂದು ರಜೆಯನ್ನು ಸೇರಿಸಿಕೊಂಡು ಉತ್ತರ ಕನ್ನಡದ ಕಡಲಿಗೆ ಹೋಗುವುದೆಂದು ಗೊತ್ತಾಯಿತು. ಮಾರ್ಗವೇನೂ ಕಠಿಣವಾದುದಲ್ಲ. ಸೊಲ್ಲಾಪುರ, ವಿಜಯಪುರಗಳಿಂದ ಬಂದು ನವಲಗುಂದವನ್ನು ಹಾಯ್ದು ಹುಬ್ಬಳ್ಳಿಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯೇ ಮುಂದೆ ಯಲ್ಲಾಪುರದ ಕಾಡು ಹೊಕ್ಕು, ಅರಬೈಲ ಘಟ್ಟವಿಳಿದು, ಅಂಕೋಲೆಯ ಬಳಿ ಕಡಲ ಸೀಮೆಯಲ್ಲಿ ಮುಗಿಯುತ್ತದೆ. ಮನೆಯ ಮುಂದಿನ ದಾರಿಯನ್ನು ಬಿಡದೆ ಹಿಡಿದರೆ ಸುಮಾರು 175 ಕಿಲೋಮೀಟರಿನ ಕೊನೆಗೆ ಕಡಲು ಸಿಕ್ಕುತ್ತದೆಂಬುದು ಆ ಊರಿನ ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ.

ಮಾತು ಬೆಳೆದದ್ದು ಸಂಜೆಯ ವಿಷಯಕ್ಕೆ. ಗೋಕರ್ಣದ ಬಂಡೆಗಳ ಮೇಲಿರುವ ಯಾವುದಾದರೊಂದು ಉಪಾಹಾರಗೃಹದಲ್ಲಿ ಕೂತು ಕಡಲನ್ನು ಕೆಳಗೆ ನೋಡಬೇಕೆಂಬುದು ಮಗನ ಹಟ. ಮಗಳಿಗೆ ದೋಣಿಯ ಆಸೆ. ಯಜಮಾನರು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದರು: ಬಿಳಿಯ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ದೀಪ, ಅದರಾಚೆ ನೀರಿಗಿಳಿಯುತ್ತಿರುವ ಕೆಂಪು ಬಿಂಬ. ಹಿರಿಯಳು ಆ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿ ಕೇಳಿದಳು: "ಅಷ್ಟು ದೂರ ಹೋಗಿ ಮತ್ತ ಹೊಟೇಲಿನ್ಯಾಗ ಕುಂಡ್ರೂದಾದರ, ಹುಬ್ಬಳ್ಳಿಯೊಳಗ ಹೊಟೇಲಿಲ್ಲೇನೋ ತಮ್ಮಾ? ಬುತ್ತಿ ಕಟಗೊಂಡು ಹೋಗೂಣು."

ಬುತ್ತಿಯ ಮಾತು ಬಂದೊಡನೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೃಹಿಣಿ ಮೆಲ್ಲಗೆ ಹೇಳಿದಳು: "ಬುತ್ತಿ ಕಟ್ಟಾಕೀನೂ ನಾನs, ಬಿಚ್ಚಾಕೀನೂ ನಾನs. ಹಂಗಾದರ ನನಗ ಇಲ್ಲಿರೂದೂ ಅಲ್ಲಿರೂದೂ ಎರಡೂ ಒಂದs, ಅತ್ತೀ."

ಯಾರೂ ಮರುಮಾತಾಡಲಿಲ್ಲ. ಪ್ರವಾಸದ ವಿಚಾರದಲ್ಲಿ ಎಲ್ಲರ ಇಷ್ಟಗಳನ್ನೂ ಕೇಳಿದ ಮನೆಯವರು ಆಕೆಯ ಇಷ್ಟವೇನೆಂದು ಕೇಳಿರಲಿಲ್ಲ. ಇಂಥ ಮನೆಗಳು ನವಲಗುಂದದಲ್ಲಿ ಮಾತ್ರ ಇರುವುವೆಂದು ತಿಳಿಯಬೇಕಾಗಿಲ್ಲ.

ಸಂಜೆಯ ಸ್ಥಳವನ್ನು ಆರಿಸುವ ಮುನ್ನ ಸಂಜೆಯ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಕಾರವಾರ, ಗೋಕರ್ಣಗಳ ಸೀಮೆಯಲ್ಲಿ ನವೆಂಬರಿನ ಕೊನೆಗೆ ಸೂರ್ಯ ಹೆಚ್ಚು ಕಡಿಮೆ ಆರು ಗಂಟೆಗೆ ಮುಳುಗುತ್ತಾನೆ. ಜನವರಿಯ ಕೊನೆಗೆ ಆರೂವರೆಗೆ. ಮೇ ತಿಂಗಳ ನಡುವಿನಲ್ಲಿ ಏಳಕ್ಕೆ ಐದಾರು ನಿಮಿಷವಿರುವಾಗ. ಬಿಂಬದ ಕೆಳಗಣ ಅಂಚು ನೀರನ್ನು ಮುಟ್ಟಿದ ಗಳಿಗೆಯಿಂದ ಮೇಲಣ ಅಂಚು ಕಾಣದಾಗುವವರೆಗೆ ಹಿಡಿಯುವ ಕಾಲ ಎರಡು ನಿಮಿಷಕ್ಕೆ ತುಸು ಹೆಚ್ಚು, ಅಷ್ಟೆ. ಉತ್ತರದ ಶೀತದೇಶಗಳಲ್ಲಿ ಸೂರ್ಯ ಓರೆಯಾಗಿ ಜಾರುತ್ತ ಬಹಳ ಹೊತ್ತು ಮುಳುಗುತ್ತಾನೆ, ಸಂಜೆಗತ್ತಲೆಯೂ ತಾಸುಗಟ್ಟಲೆ ಉಳಿಯುತ್ತದೆ. ನಮ್ಮ ಸೀಮೆಯಲ್ಲಾದರೋ ಆತ ನೆಟ್ಟಗೆ ಇಳಿದುಬಿಡುತ್ತಾನೆ. ಅರ್ಧ ತಾಸಿನೊಳಗೆ ಎದುರಿಗಿದ್ದವರ ಮುಖ ಮಬ್ಬಾಗುತ್ತದೆ. ತಿನಿಸಿನ ಪಟ್ಟಿಯನ್ನು ಓದಿ, ಮಾಣಿಯನ್ನು ಕರೆದು, ಹೇಳಿದ್ದು ಬರುವವರೆಗೆ ಕಾಯುವಷ್ಟು ವ್ಯವಧಾನವನ್ನು ಈ ಸೂರ್ಯ ಕೊಡುವವನಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಸೂರ್ಯ ವರ್ಷವಿಡೀ ಒಂದೇ ಕಡೆಯಲ್ಲಿ ಮುಳುಗುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರುಗಳಲ್ಲಿ ನೇರ ಪಶ್ಚಿಮಕ್ಕೆ ಇಳಿಯುವ ಆತ ಡಿಸೆಂಬರಿನಲ್ಲಿ ಅಲ್ಲಿಂದ ಸುಮಾರು 24 ಅಂಶ ದಕ್ಷಿಣಕ್ಕೂ, ಜೂನಿನಲ್ಲಿ ಅಷ್ಟೇ ಉತ್ತರಕ್ಕೂ ಸರಿಯುತ್ತಾನೆ. ಉತ್ತರ ಕನ್ನಡದ ದಂಡೆ ಅಳತೆಗೋಲಿನಂತೆ ನೇರವಾದುದಲ್ಲ; ಅಲ್ಲಲ್ಲಿ ಗುಡ್ಡಗಳು ನೀರಿನೊಳಕ್ಕೆ ಮೂಗು ಚಾಚಿವೆ, ನಡುನಡುವೆ ಕೊಲ್ಲಿಗಳಿವೆ. ಒಂದು ಕೊಲ್ಲಿಯ ದಕ್ಷಿಣಕ್ಕೆ ಗುಡ್ಡವಿದ್ದರೆ ಏಪ್ರಿಲಿನಲ್ಲಿ ಅಲ್ಲಿಂದ ಸೊಗಸಾಗಿ ಕಂಡ ಸೂರ್ಯಾಸ್ತವು ಚಳಿಗಾಲದಲ್ಲಿ ಕಾಣದೆ ಹೋಗಬಹುದು. ಜಾಹೀರಾತಿನ ಚಿತ್ರ ಸುಳ್ಳಾಗಿರುವುದಿಲ್ಲ. ಅದನ್ನು ತೆಗೆದ ತಿಂಗಳು ಬೇರೆಯಾಗಿರುತ್ತದೆ.

ನವಲಗುಂದದ ಮನೆಯವರಿಗೆ ಇದು ಮೊದಲನೆಯ ಸಂಜೆಯೇ ಅನುಭವಕ್ಕೆ ಬಂತು. ಬೆಳಗಿನ ಆರಕ್ಕೆ ಊರು ಬಿಟ್ಟು, ಯಲ್ಲಾಪುರದಲ್ಲಿ ಉಪಾಹಾರ ಮುಗಿಸಿ, ಮಧ್ಯಾಹ್ನ ಗೋಕರ್ಣಕ್ಕೆ ಬಂದು ಮಹಾಬಲೇಶ್ವರನ ದರ್ಶನವನ್ನು ಮಾಡಿದರು. ಸಂಜೆಗೆ ಮಗನ ಆಸೆಯಂತೆಯೂ ಯಜಮಾನರ ಚಿತ್ರದಂತೆಯೂ ದಂಡೆಯ ಮೇಲಣ ಒಂದು ಹೋಟೆಲಿನಲ್ಲಿ ಮೊದಲೇ ಮೇಜು ಹಿಡಿಸಿದ್ದಾಗಿತ್ತು. ಅಲ್ಲಿಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳು. ಮೊಣಕಾಲು ನೋವಿನ ಹಿರಿಯಳನ್ನು ಮಗ ಮೊಮ್ಮಗ ಇಬ್ಬರೂ ಹಿಡಿದು ಇಳಿಸುವಷ್ಟರಲ್ಲಿ ಐದೂವರೆ ದಾಟಿತು. ಮೇಜು ಕಡಲಿಗೆ ಎದುರಾಗಿಯೇ ಇತ್ತು. ಆದರೆ ಆರಕ್ಕೆ ಹತ್ತು ನಿಮಿಷವಿರುವಾಗ ಸೂರ್ಯ ಎಡಗಡೆಯ ಗುಡ್ಡದ ಹಿಂದಕ್ಕೆ ಸರಿದುಹೋದ. ನೀರಿಗೆ ಇಳಿಯುವುದನ್ನು ಯಾರೂ ಕಾಣಲಿಲ್ಲ. ಎಲ್ಲರೂ ಆಗ ತಿನಿಸಿನ ಪಟ್ಟಿಯೊಳಗೆ ಹಿರಿಯಳು ತಿನ್ನಬಹುದಾದ ಪದಾರ್ಥವನ್ನು ಹುಡುಕುತ್ತಿದ್ದರು. ಕಡೆಗೆ ಸಿಕ್ಕಿದ್ದು ಮೊಸರು ಮತ್ತು ಬಾಳೆಹಣ್ಣು. ಅನ್ನ ಬರುವಾಗ ಎಂಟಾಗಿತ್ತು. ಮಗಳು ಮೇಜಿನ ಮೇಲೆಯೇ ತೂಕಡಿಸಿದ್ದಳು. ಹಣ ತೆತ್ತು, ಮೊಬೈಲಿನ ಬೆಳಕಿನಲ್ಲಿ ಅದೇ ಮೆಟ್ಟಿಲುಗಳನ್ನು ಹತ್ತುವಾಗ ಯಜಮಾನರಿಗೆ ಏನೂ ಹೇಳುವ ಮನಸ್ಸಾಗಲಿಲ್ಲ. ಹೋಟೆಲಿನವರ ತಪ್ಪೂ ಇರಲಿಲ್ಲ. ಅವರು ಕಡಲನ್ನು ತೋರಿಸುತ್ತೇವೆಂದಿದ್ದರು, ತೋರಿಸಿದರು.

ಹಾಗಾದರೆ ಆಯ್ಕೆಯ ಕ್ರಮವೇನು? ಆ ದಂಡೆಯ ಒಂದೊಂದು ಸ್ಥಳದ ಗುಣವೂ ಬೇರೆ ಬೇರೆ.

ಗೋಕರ್ಣದಲ್ಲಿ ಊರಿಗೆ ಹೊಂದಿದ ದಂಡೆಯೊಂದಿದ್ದು ದೇವಸ್ಥಾನದಿಂದ ನಡೆದೇ ಹೋಗಬಹುದು. ಅಲ್ಲಿಂದ ದಕ್ಷಿಣಕ್ಕೆ ಗುಡ್ಡದಾಚೆ ಕುಡ್ಲೆ, ಅದರಾಚೆ ಓಂ, ಮುಂದೆ ಅರ್ಧಚಂದ್ರ ಮೊದಲಾದ ದಂಡೆಗಳು. ಓಂ ದಂಡೆಗೆ ಮೆಟ್ಟಿಲಿಳಿಯಬೇಕು. ಅದರ ಮುಂದಿನವುಗಳಿಗೆ ಕಾಲುದಾರಿ ಇಲ್ಲವೆ ದೋಣಿಯೇ ಗತಿ. ಕಾಲಲ್ಲಿ ಕಸುವಿರುವ ತರುಣರಿಗೆ ಅವು ಒಪ್ಪುತ್ತವೆ. ಕತ್ತಲಾದ ಮೇಲೆ ಆ ಬಂಡೆದಾರಿಗಳಲ್ಲಿ ಮಕ್ಕಳನ್ನೂ ಮುದುಕರನ್ನೂ ನಡೆಸುವುದು ಸಲ್ಲದು. ಮುರುಡೇಶ್ವರದಲ್ಲಿ ಗುಡಿ, ಇಪ್ಪತ್ತು ಅಂತಸ್ತಿನ ಗೋಪುರ, 123 ಅಡಿ ಎತ್ತರದ ಶಿವಮೂರ್ತಿ, ಕಡಲು ಇವೆಲ್ಲ ಒಂದೇ ಕಡೆಯಲ್ಲಿರುವುದರಿಂದ ನಡೆದಾಟ ಕಡಿಮೆ. ಶಾಕಾಹಾರಿಗಳಿಗೂ ಊಟದ ಚಿಂತೆಯಿಲ್ಲ. ಜನಜಂಗುಳಿ ಮಾತ್ರ ಹೆಚ್ಚು. ಹೊನ್ನಾವರದ ಬಳಿಯ ಕಾಸರಕೋಡು ದಂಡೆಯು 2020ರಲ್ಲಿ, ಉಡುಪಿ ಜಿಲ್ಲೆಯ ಪಡುಬಿದ್ರಿಯೊಡನೆ, ನೀಲಿ ಬಾವುಟವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ನೀರಿನ ಶುದ್ಧತೆ, ದಂಡೆಯ ನೈರ್ಮಲ್ಯ, ಕಾವಲಿನವರು, ಶೌಚಗೃಹ ಇವುಗಳನ್ನು ನೋಡಿ ಕೊಡುವ ಮನ್ನಣೆ ಅದು. ಈ ಕೊನೆಯ ಮಾತನ್ನು ಗಂಡಸರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಜೆಯಿಂದ ರಾತ್ರಿಯವರೆಗೆ ದಂಡೆಯ ಮೇಲೆ ಕೂಡಬೇಕಾದ ಹೆಂಗಸರಿಗೆ ಒಂದು ಚೊಕ್ಕ ಶೌಚಗೃಹವು ನೂರು ದೀಪದ ಮೇಜುಗಳಿಗಿಂತ ಮುಖ್ಯವಾದುದು. ಸ್ಥಳವನ್ನು ಆರಿಸುವಾಗ ಮೊದಲು ವಿಚಾರಿಸಬೇಕಾದುದು ಇದನ್ನೇ.

ಕಾರವಾರದ ದಂಡೆ ಪಟ್ಟಣದ ಮಗ್ಗುಲಲ್ಲಿಯೇ ಚಾಚಿಕೊಂಡಿದೆ. ಹೆದ್ದಾರಿಯಿಂದ ಕೆಲವು ಹೆಜ್ಜೆ ನಡೆದರೆ ಮರಳು, ಇಳಿಯಲು ಗುಡ್ಡವಿಲ್ಲ. ರವೀಂದ್ರನಾಥ ಠಾಕೂರರು ಇಪ್ಪತ್ತೆರಡರ ಪ್ರಾಯದಲ್ಲಿ, 1883ರ ಸುಮಾರಿಗೆ, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಅವರು ಬರೆದದ್ದು ಈ ಕಡಲಿನ ಮಗ್ಗುಲಲ್ಲಿ. ದಂಡೆಗೆ ಈಗ ಅವರ ಹೆಸರೇ ಇದೆ. ಹಗಲಿನಲ್ಲಿ ಮಕ್ಕಳಿಗೆ ತೋರಿಸಲು ಅಲ್ಲಿಯೇ 'ಚಪಲ' ಎಂಬ ನಿವೃತ್ತ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಉತ್ತರಕ್ಕೆ ಕಾಳಿ ನದಿ ಕಡಲನ್ನು ಸೇರುತ್ತದೆ. ದಕ್ಷಿಣಕ್ಕೆ ಬಂದರಿನ ಗುಡ್ಡ. ಚಳಿಗಾಲದಲ್ಲಿ ಹೋಗುವವರು ಗುಡ್ಡದ ಹತ್ತಿರ ಕೂಡದೆ ಉತ್ತರದ ಕಡೆಗೆ ಸರಿದು ಕೂತರೆ ಸೂರ್ಯ ನೀರಿಗಿಳಿಯುವವರೆಗೂ ಕಾಣುತ್ತಾನೆ. ಊಟಕ್ಕೆ ಪಟ್ಟಣ ಬೆನ್ನಿಗೇ ಇದೆ.

ಇಷ್ಟನ್ನು ನೋಡಿದರೆ ಒಂದು ಮಾತು ತಾನಾಗಿ ಸ್ಪಷ್ಟವಾಗುತ್ತದೆ. ಸೂರ್ಯನನ್ನು ನೋಡುವ ಜಾಗವೂ ಊಟ ಮಾಡುವ ಜಾಗವೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಈ ಎರಡನ್ನೂ ಒಂದೇ ಮೇಜಿಗೆ ಕಟ್ಟಿಹಾಕುವುದರಿಂದಲೇ ಖರ್ಚು ಏರುತ್ತದೆ, ಊಟ ತಡವಾಗುತ್ತದೆ, ಸೂರ್ಯನೂ ತಪ್ಪಿಹೋಗುತ್ತಾನೆ. ಸೂರ್ಯ ಎಲ್ಲರಿಗೂ ಸೇರಿದ ಮರಳಿನಿಂದ ಬಿಟ್ಟಿಯಾಗಿ ಕಾಣುತ್ತಾನೆ. ಒಳ್ಳೆಯ ಅಡುಗೆ ಊರೊಳಗಿನ ಖಾನಾವಳಿಯಲ್ಲಿ ಸಿಕ್ಕುತ್ತದೆ. ಸ್ಥಳವನ್ನು ಗೊತ್ತುಮಾಡುವಾಗ ಮನೆಯಲ್ಲಿ ಯಾರ ಕಾಲು ಎಲ್ಲರಿಗಿಂತ ಸೋತಿದೆಯೋ, ಯಾರ ಊಟಕ್ಕೆ ಕಟ್ಟುಪಾಡು ಹೆಚ್ಚೋ, ಯಾರಿಗೆ ದಿನವೂ ವಿಶ್ರಾಂತಿ ಕಡಿಮೆಯೋ ಅವರ ಮಾತು ಮೊದಲು ನಡೆಯಬೇಕು. ಉಳಿದವರ ಸಂತೋಷ ಅದರೊಳಗೇ ಸೇರಿಕೊಳ್ಳುತ್ತದೆ.

ಇನ್ನು ಪಾನದ ವಿಷಯ. ಸಂಜೆಗೆ ಕಡಲ ದಂಡೆಯಲ್ಲಿ ಕುಡಿಯಲು ಏನೂ ಸಿಕ್ಕದೆಂದು ಸೀಸೆಯ ನೀರನ್ನು ಹೊತ್ತು ಹೋಗುವ ಬಯಲುಸೀಮೆಯವರು ಆ ಜಿಲ್ಲೆಯ ಸಂಪತ್ತನ್ನು ತಿಳಿಯದವರು. ಎಳನೀರು ಎಲ್ಲೆಡೆಯೂ ಉಂಟು. ಮುರುಗಲ ಹಣ್ಣಿನ ಸಿಪ್ಪೆಯನ್ನು ಒಣಗಿಸಿಟ್ಟು ಮಾಡುವ ಪಾನಕ ಬಣ್ಣದಲ್ಲಿ ಸಂಜೆಯ ಮುಗಿಲಿನಂತೆಯೇ ಇರುತ್ತದೆ. ಬಿಸಿಲಿನಿಂದ ಬಂದವರ ದಾಹವನ್ನು ಅದರಷ್ಟು ಬೇಗ ತಣಿಸುವುದು ಇನ್ನೊಂದಿಲ್ಲ. ಅದೇ ಮುರುಗಲನ್ನು ತೆಂಗಿನ ಹಾಲಿಗೆ ಬೆರಸಿದರೆ ಕಾರವಾರದ ಸೋಲಕಡಿಯಾಗುತ್ತದೆ. ಘಟ್ಟದ ಮೇಲಣ ಹವ್ಯಕರ ಮನೆಗಳಲ್ಲಿ ಅಪ್ಪೆಮಿಡಿಯಿಂದ ಮಾಡುವ ಅಪ್ಪೆಹುಳಿಯನ್ನು ಊಟದ ಕೊನೆಗೆ ಕುಡಿದರೆ ನಿದ್ದೆ ಸೊಗಸಾಗಿ ಬರುತ್ತದೆಂದು ಪ್ರತೀತಿ. ಬೇಸಗೆಯಲ್ಲಿ ಹೋದವರು ಅಂಕೋಲೆಯ ಕರಿ ಇಶಾಡ ಮಾವನ್ನು ಬಿಟ್ಟು ಬರಬಾರದು. ಮೀನು ತಿನ್ನುವವರಿಗೆ ಆ ದಂಡೆ ಸ್ವರ್ಗವೇ ಸರಿ. ಅವರೂ ಮೇಜಿನ ಅಂದವನ್ನು ನೋಡದೆ, ಅಂದಿನ ಬೆಳಗಿನ ದೋಣಿಯಲ್ಲಿ ಏನು ಬಂತೆಂದು ಕೇಳಿ ಉಂಡರೆ ರುಚಿ ಕಾಣುತ್ತಾರೆ. ಶಾಕಾಹಾರಿಗಳಾದವರು ಅಡುಗೆಯ ಪಾತ್ರೆಗಳು ಬೇರೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಂಡರೆ ಮೇಜಿನ ಮುಂದೆ ಮುಖ ಸಣ್ಣದು ಮಾಡಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಪಾನವೆಂಬ ಮಾತಿಗೆ ಇನ್ನೊಂದು ಅರ್ಥವೂ ಉಂಟಷ್ಟೆ. ಗೋವೆಯ ಗಡಿ ಕಾರವಾರಕ್ಕೆ ತೀರ ಹತ್ತಿರ. ಯಜಮಾನರ ಕಚೇರಿಯ ಗೆಳೆಯರೊಬ್ಬರು ಕಿವಿಯಲ್ಲಿ ಏನನ್ನೋ ಉಸುರಿಯೂ ಇದ್ದರು. ಗಡಿಯಾಚೆಯ ಮದ್ಯವನ್ನು ಪರವಾನಗಿಯಿಲ್ಲದೆ ಕರ್ನಾಟಕದೊಳಕ್ಕೆ ತರುವುದು ಅಪರಾಧ; ಮಾಜಾಳಿಯ ತನಿಖೆಯ ನಾಕೆ ಇರುವುದೇ ಅದಕ್ಕಾಗಿ. ಸಾರ್ವಜನಿಕ ದಂಡೆಯ ಮೇಲೆ ಕುಡಿಯುವುದಕ್ಕೂ ಕಾನೂನಿನ ಅಡ್ಡಿಯಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಕುಡಿದ ಧೈರ್ಯದಲ್ಲಿ ನೀರಿಗಿಳಿದವರನ್ನು ಕಡಲು ಮನ್ನಿಸುವುದಿಲ್ಲ. ಕುಡಿಯದವರನ್ನೂ ಅದು ಯಾವಾಗಲೂ ಮನ್ನಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲೂಕಿನಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅವರೂ ನೀರನ್ನು ಕಂಡರಿಯದ ಬಯಲುಸೀಮೆಯ ಮಕ್ಕಳು. ಆದುದರಿಂದ ನೀರಾಟವೇನಿದ್ದರೂ ಹಗಲಿನಲ್ಲಿ, ಕಾವಲಿನವರು ನಿಂತಿರುವ ಕಡೆಯಲ್ಲಿ, ಅವರ ಸೀಟಿಯ ಅಂಕೆಯಲ್ಲಿ ಮುಗಿಯಬೇಕು. ಸೂರ್ಯ ಮುಳುಗಿದ ಮೇಲೆ ಮಕ್ಕಳು ಪಾದ ತೋಯಿಸುವುದಕ್ಕೂ ಹೋಗಕೂಡದು. ಮಳೆಗಾಲದ ನಾಲ್ಕು ತಿಂಗಳು ಅತ್ತ ಹೋಗದಿರುವುದೇ ಲೇಸು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೊಚ್ಚಿಹೋದವುಗಳಲ್ಲಿ ದಾರಿಯ ಬದಿಯ ಒಂದು ಚಹದಂಗಡಿಯೂ ಸೇರಿತ್ತು.

ಭರತ ಇಳಿತಗಳನ್ನೂ ಕೇಳಿಕೊಳ್ಳಬೇಕು. ಕಡಲು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ. ದಿನದಿನಕ್ಕೆ ಆ ಹೊತ್ತು ಸುಮಾರು 50 ನಿಮಿಷದಂತೆ ಮುಂದೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಏರಿಕೆ ಹೆಚ್ಚು. ನಾಲ್ಕು ಗಂಟೆಗೆ ವಿಶಾಲವಾಗಿದ್ದ ಮರಳು ಆರಕ್ಕೆ ಅರ್ಧವಾಗಿರಬಹುದು. ಯಾವ ಬೆಸ್ತನನ್ನು ಕೇಳಿದರೂ ಅಂದಿನ ಲೆಕ್ಕವನ್ನು ಹೇಳುತ್ತಾನೆ.

ಎರಡನೆಯ ದಿನ ಮನೆಯವರು ಕಾರವಾರಕ್ಕೆ ಬಂದರು. ಮೊದಲನೆಯ ಸಂಜೆಯ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಕಲಿತಿದ್ದರು. ಮಧ್ಯಾಹ್ನವೇ ಯಜಮಾನರೂ ಮಗನೂ ಪಟ್ಟಣದಲ್ಲಿ ಸುತ್ತಾಡಿ ಒಂದು ಶಾಕಾಹಾರಿ ಖಾನಾವಳಿಯನ್ನು ಕಂಡು, ಏಳೂವರೆಗೆ ಐದು ಜನಕ್ಕೆ ಊಟವೆಂದು ಹೇಳಿ ಬಂದರು. ಮಗಳ ದೋಣಿಯ ಆಸೆ ಬಿಸಿಲಿರುವಾಗಲೇ, ತೇಲುಗವಚವನ್ನು ಕಟ್ಟಿಕೊಂಡು ಈಡೇರಿತು. ಐದು ಗಂಟೆಗೆ ಎಲ್ಲರೂ ದಂಡೆಗೆ ಹೋದರು.

ಹಿರಿಯಳು ಊರಿಂದ ಒಂದು ಜಮಖಾನೆಯನ್ನು ಸುತ್ತಿ ತಂದಿದ್ದಳು. ನವಲಗುಂದದ ಹೆಣ್ಣುಮಕ್ಕಳು ಮನೆಯೊಳಗಿನ ಮಗ್ಗದಲ್ಲಿ ನೇಯುವ, ಭೌಗೋಳಿಕ ಮಾನ್ಯತೆಯನ್ನು ಪಡೆದ, ಈಗ ನೇಯುವ ಕೈಗಳು ಬಹಳ ಕಡಿಮೆಯಾಗಿರುವ ಆ ಜಮಖಾನೆ. ಇಂಥದನ್ನು ಮರಳಿನ ಮೇಲೆ ಹಾಸುವುದೇ ಎಂದು ಮೊಮ್ಮಗಳು ಹಿಂಜರಿದಾಗ, "ಹಾಸಾಕಂತನs ಮಾಡ್ಯಾರವ್ವಾ. ಉಸುಕು ಝಾಡಿಸಿದರ ಹೋಗತೈತಿ" ಎಂದಳು. ಬುತ್ತಿಯೂ ಇತ್ತು. ಆದರೆ ಅದನ್ನು ಗೃಹಿಣಿ ಕಟ್ಟಿರಲಿಲ್ಲ. ಹೊರಡುವ ಹಿಂದಿನ ದಿನ ಯಜಮಾನರೇ ರೊಟ್ಟಿ ಮಾರುವ ಮನೆಯೊಂದರಿಂದ ಕಡಕ್ ರೊಟ್ಟಿಯನ್ನೂ ಶೇಂಗಾದ ಚಟ್ನಿಯನ್ನೂ ಕೊಂಡು ತಂದಿದ್ದರು. ಚುರುಮುರಿಯ ಡಬ್ಬಿಯನ್ನು ಮಗ ತುಂಬಿಸಿದ್ದನು. ದಂಡೆಯಲ್ಲಿ ಎಳನೀರು ಕೊಂಡರು. ಹೊಟ್ಟೆ ತುಂಬಬೇಕೆಂಬ ಆತುರ ಯಾರಿಗೂ ಇರಲಿಲ್ಲ, ಏಕೆಂದರೆ ಊಟ ಬೇರೆ ಕಡೆಯಲ್ಲಿ ಕಾಯುತ್ತಿತ್ತು.

ಬಯಲಿನಲ್ಲಿ ಹಾಸಿ ಕೂತು ಉಣ್ಣುವುದು ನವಲಗುಂದದವರಿಗೆ ಹೊಸದಲ್ಲ. ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಲ್ಲಿ ಮನೆಮಂದಿಯೆಲ್ಲ ಗಾಡಿ ಹೂಡಿ ಹೊಲಕ್ಕೆ ಹೋಗಿ, ಮೊದಲು ಭೂತಾಯಿಗೆ ಚರಗ ಚೆಲ್ಲಿ, ಬಳಿಕ ತಾವು ಉಣ್ಣುವರು. ಕಣ್ಣು ಹರಿಯುವವರೆಗೆ ಒಂದು ಮರವೂ ಇಲ್ಲದ ಕರಿನೆಲ, ಅದರ ಅಂಚಿಗೆ ಇಳಿಯುವ ಸೂರ್ಯ ಇವು ಅವರಿಗೆ ಪರಿಚಿತವಾದುವೇ. ಹಿರಿಯಳು ರೊಟ್ಟಿಯ ಚೂರೊಂದನ್ನು ಮುರಿದು ಕಡಲ ಕಡೆಗೆ ಎಸೆದದ್ದನ್ನು ಕಂಡು ಮೊಮ್ಮಕ್ಕಳು ನಕ್ಕರು. ನಗುವುದಕ್ಕೇನೂ ಇರಲಿಲ್ಲ. ಆಕೆ ತನಗೆ ತಿಳಿದ ರೀತಿಯಲ್ಲಿ ಆ ಹೊಸ ಬಯಲಿನ ಗುರುತು ಮಾಡಿಕೊಂಡಳು.

ಆರಕ್ಕೆ ಎಲ್ಲರೂ ಮಾತು ನಿಲ್ಲಿಸಿದರು. ಆರು ದಾಟಿ ಐದಾರು ನಿಮಿಷವಾಗುವಷ್ಟರಲ್ಲಿ ಬಿಂಬದ ಕಡೆಯ ಅಂಚೂ ನೀರಿಗಿಳಿಯಿತು. ಮರಳಿನ ಮೇಲೆ ಮಲಗಿ ನೋಡುತ್ತಿದ್ದ ಮಗ ಥಟ್ಟನೆ ಎದ್ದು ನಿಂತು, ಸೂರ್ಯ ಇನ್ನೂ ಒಂದು ಗೆರೆಯಷ್ಟು ಇದ್ದಾನೆಂದು ಕೂಗಿದನು. ಅದು ನಿಜ. ಕಣ್ಣು ಮೇಲಕ್ಕೇರಿದಷ್ಟೂ ದಿಗಂತ ದೂರ ಸರಿಯುವುದರಿಂದ ಮಲಗಿದವನು ಎದ್ದರೆ ಕೆಲವು ಸೆಕೆಂಡುಗಳ ಸೂರ್ಯ ಮತ್ತೆ ದೊರೆಯುತ್ತಾನೆ. ಇದಕ್ಕೆ ಯಾವ ಹೋಟೆಲಿನವರೂ ಹಣ ಕೇಳುವುದಿಲ್ಲ.

ಹಿರಿಯಳು ಬಹಳ ಹೊತ್ತು ನೀರನ್ನೇ ನೋಡುತ್ತ ಕೂತಿದ್ದಳು. ನವಲಗುಂದದ ಮೇಲೆ ಬಿದ್ದ ಮಳೆ ಬೆಣ್ಣೆಹಳ್ಳದ ಮೂಲಕ ಮಲಪ್ರಭೆಗೆ, ಮಲಪ್ರಭೆಯಿಂದ ಕೃಷ್ಣೆಗೆ, ಕೃಷ್ಣೆಯಿಂದ ಪೂರ್ವದ ಕಡಲಿಗೆ ಹೋಗುತ್ತದೆ. ಪಶ್ಚಿಮದ ಈ ಕಡಲಿಗೂ ಆ ಊರಿಗೂ ನೀರಿನ ನಂಟಿಲ್ಲ. ಪಶ್ಚಿಮಕ್ಕೆ ಹರಿದು ಗೋವೆಯಲ್ಲಿ ಕಡಲು ಸೇರುವ ಮಹಾದಾಯಿಯ ಒಂದಿಷ್ಟು ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಿಂದ ನರಗುಂದ, ನವಲಗುಂದಗಳ ರೈತರು ಧರಣಿ ಕೂತದ್ದೂ, 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಅಡಿಯ ಪಾಲನ್ನು ಗೊತ್ತುಮಾಡಿದ್ದೂ ಆಕೆಯ ಮನೆಯಲ್ಲಿ ದಿನವೂ ಆಡುವ ಮಾತು. "ಇಷ್ಟ್ ನೀರು ಐತಿ, ಒಂದು ಬೊಗಸೀನೂ ಕುಡಿಯಾಕ ಬರೂದಿಲ್ಲಲ್ಲೋ ತಮ್ಮಾ" ಎಂದಷ್ಟೇ ಹೇಳಿದಳು. ಯಜಮಾನರು ಉತ್ತರ ಕೊಡಲಿಲ್ಲ. ಎಳನೀರಿನ ಇನ್ನೊಂದು ಕಾಯನ್ನು ಕೊಚ್ಚಿಸಿ ತಂದು ಆಕೆಯ ಕೈಗಿತ್ತರು.

ಬೆಳಕು ಪೂರ್ತಿ ಹೋಗುವ ಮೊದಲೇ ಜಮಖಾನೆಯನ್ನು ಝಾಡಿಸಿ, ಕಾಗದದ ಚೂರನ್ನೂ ಬಿಡದೆ ಹೆಕ್ಕಿಕೊಂಡು ಎದ್ದರು. ಇದು ಬರಿಯ ಸಭ್ಯತೆಯ ಮಾತಲ್ಲ. ಚಳಿಗಾಲದಲ್ಲಿ ಆ ಜಿಲ್ಲೆಯ ದೇವಬಾಗ, ಹೊನ್ನಾವರಗಳ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ದಂಡೆಯಲ್ಲಿ ಹಚ್ಚಿದ ಬೆಂಕಿ, ಉಳಿಸಿಹೋದ ಕಸ ಎರಡೂ ಅವಕ್ಕೆ ಕಂಟಕ.

ಖಾನಾವಳಿಯಲ್ಲಿ ಏಳೂವರೆಗೆ ಎಲೆ ಹಾಕಿದ್ದರು. ಬಿಸಿ ಅನ್ನ, ಸಾರು, ಎರಡು ಪಲ್ಯ, ಹಪ್ಪಳ, ಮಜ್ಜಿಗೆ. ಕೇಳಿದ್ದರಿಂದ ಮುರುಗಲ ಸಾರೂ ಬಂತು. ಗೃಹಿಣಿ ರೂಢಿಯಂತೆ ಗೋಡೆಯ ಬದಿಗೆ ಸರಿದು ನಿಂತು, ಯಾರಿಗೆ ಏನು ಬೇಕೆಂದು ನೋಡತೊಡಗಿದಳು. ಹಿರಿಯಳು ಆಕೆಯ ಕೈಹಿಡಿದು ಮೊದಲನೆಯ ಎಲೆಯ ಮುಂದೆ ಕೂಡಿಸಿ, "ಕುಂಡ್ರವ್ವಾ, ಇಲ್ಲಿ ನೀಡವರು ಬ್ಯಾರೆ ಅದಾರ" ಎಂದಳು. ಅಂದು ಆ ಐದು ಜನರ ಊಟಕ್ಕೂ ಎಳನೀರಿಗೂ ಸೇರಿ ಆದ ಖರ್ಚು ಹಿಂದಿನ ಸಂಜೆಯ ಮೇಜಿನ ಖರ್ಚಿನ ಮೂರರಲ್ಲಿ ಒಂದು ಪಾಲನ್ನೂ ಮುಟ್ಟಲಿಲ್ಲ.

ದೀಪದ ಮೇಜನ್ನು ಹಳಿಯಬೇಕಾಗಿಲ್ಲ. ಮದುವೆಯಾದ ಹೊಸತರಲ್ಲಿ ಇಬ್ಬರೇ ಹೋಗುವವರಿಗೆ, ಹಣಕ್ಕೂ ಹೊತ್ತಿಗೂ ಅಡ್ಡಿಯಿಲ್ಲದವರಿಗೆ ಅದರ ಸೊಗಸು ಇದ್ದೇ ಇದೆ. ಅವರಾದರೂ ತಿಂಗಳು ಯಾವುದು, ಸೂರ್ಯ ಯಾವ ಕಡೆಗೆ ಸರಿದಿದ್ದಾನೆ, ಗುಡ್ಡ ಎಲ್ಲಿದೆ ಎಂಬುದನ್ನು ಕೇಳಿಯೇ ಮೇಜು ಹಿಡಿಸಿದರೆ ಮೋಸಹೋಗುವುದಿಲ್ಲ. ಮೂರು ತಲೆಮಾರು ಕೂಡಿ ಹೋಗುವ ಸಂಸಾರಕ್ಕೆ ಮಾತ್ರ ಸೂರ್ಯನನ್ನು ಮರಳಿನ ಮೇಲೆ, ಊಟವನ್ನು ಊರೊಳಗೆ ಎಂದು ಗೊತ್ತುಮಾಡಿಕೊಳ್ಳುವುದೇ ಸುಖ.

ಭಾನುವಾರ ಹಗಲಿನ ಬೆಳಕಿನಲ್ಲಿಯೇ ಘಟ್ಟ ಹತ್ತಿ ಮನೆಯವರು ಊರು ಸೇರಿದರು. ಮರುದಿನ ನೆರೆಮನೆಯ ಹೆಂಗಸು ಕಟ್ಟೆಗೆ ಬಂದು, ಕಡಲಿನೊಳಗೆ ಸೂರ್ಯ ಮುಳುಗುವುದನ್ನು ನೋಡಿದಿರಂತೆ, ಹೇಗಿತ್ತು ಎಂದು ಕೇಳಿದಳು. ಹಿರಿಯಳು ಜಮಖಾನೆಯ ಎಳೆಗಳೊಳಗೆ ಇನ್ನೂ ಉಳಿದಿದ್ದ ಮರಳನ್ನು ಬೆರಳಿನಿಂದ ಕೊಡಹುತ್ತ ಹೇಳಿದಳು: "ಸೂರ್ಯ ನಮ್ಮ ಹೊಲದಾಗೂ ಮುಳಗತಾನ ಬಿಡವ್ವಾ. ಅಲ್ಲೆ ನಮ್ಮ ಸೊಸಿ ಎಲ್ಲಾರಕಿಂತ ಮದಲ ಕುಂತು ಉಂಡ್ಲು. ಅದನ್ನ ನಾ ಇಲ್ಲಿ ನೋಡಿದ್ದಿಲ್ಲ."